ನೋಯುವ ಕಣ್ಣು ಶಿಬಿರಕ್ಕೆ ಕಾಯದು

ಡಾ. ಎಂ.ಸಿ. ಮೋದಿಯವರ ಶಿಬಿರಗಳ ಕಾಲದಿಂದಲೂ, 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಬಂದ ಮೇಲಂತೂ, ಮುದುಕರ ಕಣ್ಣೆಂದರೆ ಪೊರೆ, ಪೊರೆಯೆಂದರೆ ಶಿಬಿರ ಎಂಬ ಎಣಿಕೆ ನಮ್ಮಲ್ಲಿ ಬೇರೂರಿದೆ. ಅದರಿಂದ ಉಪಕಾರವಾಗಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಪೊರೆ ಸಾಮಾನ್ಯವಾಗಿ ನೋಯುವುದಿಲ್ಲ.

ಇದ್ದಕ್ಕಿದ್ದಂತೆ ಒಂದು ಕಣ್ಣು ಕೆಂಪೇರಿ, ಮಂಜಾಗಿ, ಅದೇ ಕಡೆ ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದು ಕಣ್ಣೊಳಗಿನ ಒತ್ತಡ ಏರಿದ ಗ್ಲಾಕೋಮಾ ಇರಬಹುದು. ಅದರಿಂದ ನರ ಕೆಟ್ಟು ಹೋದ ದೃಷ್ಟಿ ಮರಳುವುದಿಲ್ಲ, ಲೆಕ್ಕ ಗಂಟೆಗಳದ್ದು. ವಾಂತಿ ಕಂಡು ಪಿತ್ತವೆಂದು ನಿಂಬೆ ಪಾನಕ ಕುಡಿಸಿ ಮಲಗಿಸುವವರು, ಕೊಯ್ಲು ಮುಗಿಯಲಿ ಎನ್ನುವವರು ನಮ್ಮ ಸದಸ್ಯರಲ್ಲೇ ಇದ್ದಾರೆ.

ನಂಜನಗೂಡು, ತಿ. ನರಸೀಪುರದ ತಾಲ್ಲೂಕು ಆಸ್ಪತ್ರೆಗಳಿಗೆ ಇಂಥವರು ಬಂದಾಗ ಒಂದೊಂದೇ ಕಣ್ಣು ಮುಚ್ಚಿಸಿ ಎಷ್ಟು ಕಾಣುತ್ತದೆಂದು ಕೇಳಬೇಕು, ಟಾರ್ಚ್ ಬಿಟ್ಟು ಪಾಪೆ ನೋಡಬೇಕು, ಒತ್ತಡ ಅಳೆಯಬೇಕು. ಅಳೆಯುವ ಸಾಧನ ರಾತ್ರಿಯೂ ಕೈಗೆ ಸಿಗಬೇಕೆಂಬುದು ನಮ್ಮ ಒತ್ತಾಯ. ಆಗದಿದ್ದರೆ ಆ ರಾತ್ರಿಯೇ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಕಳಿಸಲಿ. ನಂಜನಗೂಡಿನಿಂದ ಸುಮಾರು 25 ಕಿ.ಮೀ., ಅದೇನು ದೂರ?

ಅಡಿಕೆ ಸೋಗೆ ತಾಗಿ ನೋಯುವ ಕಣ್ಣಿನ ಮಾತೇ ಬೇರೆ. ಅದಕ್ಕೆ ಬೂಷ್ಟಿನ ಸೋಂಕು ಹತ್ತುವುದುಂಟು. ಅಂಗಡಿಯ ಸ್ಟೀರಾಯ್ಡ್ ಹನಿ ಬಿಡಬೇಡಿ, ಎದೆಹಾಲೂ ಬೇಡ.