ಹೊಗೆಯ ಲೆಕ್ಕ ರಸ್ತೆ ರಸ್ತೆಗೂ ಬೇಕು

ಕಾರಿನ ಎಮಿಷನ್ ಟೆಸ್ಟ್ ಮಾಡಿಸಲು ಪೆಟ್ರೋಲ್ ಬಂಕಿಗೆ ಹೋದಾಗಲೆಲ್ಲ ನನ್ನನ್ನು ಒಂದು ಸಂಶಯ ಕಾಡುತ್ತದೆ. ನಿಂತ ಕಾರಿನ ಸೈಲೆನ್ಸರ್‌ಗೆ ಹುಡುಗನೊಬ್ಬ ಕೊಳವೆ ತೂರಿಸುತ್ತಾನೆ. ನಿಮಿಷಗಳಲ್ಲಿ ಚೀಟಿ ಕೈಸೇರುತ್ತದೆ. ಪೆಟ್ರೋಲ್ ವಾಹನವಾದರೆ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್, ಡೀಸೆಲ್ ಆದರೆ ಹೊಗೆಯ ದಟ್ಟಣೆ, ಅಲ್ಲಿ ಅಳೆಯುವುದು ಮುಖ್ಯವಾಗಿ ಇಷ್ಟನ್ನೇ. ಶ್ವಾಸಕೋಶದ ಆಳಕ್ಕಿಳಿಯುವ ಪಿಎಂ 2.5 ಕಣಗಳ ತೂಕವಾಗಲಿ, ಸಾರಜನಕದ ಆಕ್ಸೈಡುಗಳ ಪ್ರಮಾಣವಾಗಲಿ ಆ ಚೀಟಿಯಲ್ಲಿ ಇರುವುದಿಲ್ಲ. ಅದೇ ಕಾರು ಸಂಜೆ ಹೊಸೂರು ರಸ್ತೆಯಲ್ಲಿ ಮೊದಲ ಗೇರಿನಲ್ಲಿ ತೆವಳುವಾಗ ಏನನ್ನು ಉಗುಳುತ್ತದೆ ಎಂಬುದನ್ನಂತೂ ಯಾರೂ ಕೇಳುವುದಿಲ್ಲ.

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಮಾಲಿನ್ಯದ ಮಾತು ಬಂದಾಗಲೆಲ್ಲ ಇದೇ ಅಂಕಿಯನ್ನು ಮುಂದಿಡಲಾಗುತ್ತದೆ. ಆದರೆ ನೋಂದಣಿ ಪುಸ್ತಕದ ವಾಹನಗಳೆಲ್ಲ ರಸ್ತೆಯಲ್ಲಿಲ್ಲ. ಕೆಲವು ಮನೆಯ ಮುಂದೆ ಧೂಳು ಹಿಡಿಯುತ್ತಿವೆ, ಕೆಲವು ಗುಜರಿಗೆ ಹೋಗಿ ವರ್ಷಗಳಾಗಿವೆ. ಅತ್ತ ಹೊರ ಊರುಗಳಲ್ಲಿ ನೋಂದಣಿಯಾದ ಲಾರಿ, ಟ್ಯಾಕ್ಸಿಗಳು ಹಗಲಿರುಳು ಇಲ್ಲೇ ಓಡುತ್ತವೆ. ಗಾಳಿ ಕೆಡುವುದು ನೋಂದಣಿಯಿಂದಲ್ಲ, ಓಡಾಟದಿಂದ.

ಸರಿಯಾದ ಲೆಕ್ಕದ ಸೂತ್ರ ಸರಳವಾಗಿದೆ. ನಗರದ ರಸ್ತೆಜಾಲವನ್ನು ಜಂಕ್ಷನ್‌ನಿಂದ ಜಂಕ್ಷನ್‌ಗೆ ತುಂಡುಗಳಾಗಿ ವಿಂಗಡಿಸಬೇಕು. ಪ್ರತಿ ತುಂಡಿನ ಉದ್ದ, ಅಲ್ಲಿ ಗಂಟೆಗೆ ಸಾಗುವ ವಾಹನಗಳ ಸಂಖ್ಯೆ, ಒಂದೊಂದು ಬಗೆಯ ವಾಹನ ಕಿಲೋಮೀಟರಿಗೆ ಹೊರಸೂಸುವ ಗ್ರಾಂ, ಈ ಮೂರನ್ನು ಗುಣಿಸಬೇಕು. ಎರಡು ಕಿಲೋಮೀಟರ್ ರಸ್ತೆಯಲ್ಲಿ ಗಂಟೆಗೆ 5,000 ವಾಹನಗಳು ಸಾಗುತ್ತವೆ, ಪ್ರತಿಯೊಂದೂ ಕಿಲೋಮೀಟರಿಗೆ ಅರ್ಧ ಗ್ರಾಂ ಮಾಲಿನ್ಯ ಬಿಡುತ್ತದೆ ಎಂದು ಉದಾಹರಣೆಗೆ ಇಟ್ಟುಕೊಂಡರೆ, ಆ ಒಂದು ರಸ್ತೆಗೆ ಗಂಟೆಗೆ ಐದು ಕಿಲೋ ಬೀಳುತ್ತದೆ.

ತೊಡಕಿರುವುದು ಆ ಅರ್ಧ ಗ್ರಾಮಿನಲ್ಲಿ. ಅದು ಸ್ಥಿರವಾದ ಅಂಕಿಯಲ್ಲ. ವೇಗ ಕುಸಿದು, ನಿಂತು ಹೊರಡುವುದು ಹೆಚ್ಚಿದಂತೆ ಕಿಲೋಮೀಟರಿಗೆ ಬೀಳುವ ಹೊಗೆ ಏರುತ್ತದೆ. ಹಳೆಯ, ನಿರ್ವಹಣೆಯಿಲ್ಲದ ಕೆಲವೇ ವಾಹನಗಳು ಉಳಿದವೆಲ್ಲವನ್ನೂ ಮೀರಿಸಬಲ್ಲವು. ಪ್ರಯೋಗಾಲಯದ ಅಂಕಿಯನ್ನೇ ನಂಬಿ ಕೂರುವಂತಿಲ್ಲ ಎಂಬುದನ್ನು 2015ರ ಫೋಕ್ಸ್‌ವ್ಯಾಗನ್ ಹಗರಣ ಜಗತ್ತಿಗೆ ಕಲಿಸಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಆ ಡೀಸೆಲ್ ಕಾರುಗಳು ರಸ್ತೆಯಲ್ಲಿ ಸಾರಜನಕದ ಆಕ್ಸೈಡುಗಳನ್ನು ಮಿತಿಯ 40 ಪಟ್ಟಿನವರೆಗೆ ಉಗುಳುತ್ತಿದ್ದವು. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್-6 ಮಾನದಂಡ ಜಾರಿಯಾಗಿರುವುದು ಸ್ವಾಗತಾರ್ಹ. ಆದರೆ ಅದಕ್ಕೂ ಹಿಂದಿನ ವಾಹನಗಳು ಇನ್ನೂ ರಸ್ತೆಯಲ್ಲಿವೆ. ವಿದ್ಯುತ್ ವಾಹನಕ್ಕೆ ಹೊಗೆಯಿಲ್ಲದಿದ್ದರೂ ಟೈರಿನ ಸವೆತ, ರಸ್ತೆಯ ಧೂಳು ತಪ್ಪುವುದಿಲ್ಲ.

ಇಷ್ಟು ತಾಪತ್ರಯ ಏಕೆ, ಇಡೀ ನಗರದ ಸರಾಸರಿ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ನಾವು ಕೋಟ್ಯಂತರ ರೂಪಾಯಿ ಸುರಿಯುವುದು ಸರಾಸರಿಯ ಮೇಲಲ್ಲ, ನಿರ್ದಿಷ್ಟ ರಸ್ತೆಗಳ ಮೇಲೆ. ಎಲೆಕ್ಟ್ರಾನಿಕ್ ಸಿಟಿಯ ಎತ್ತರಿಸಿದ ಹೆದ್ದಾರಿ 2010ರಲ್ಲಿ ತೆರೆದ ಮೇಲೂ ಸಿಲ್ಕ್ ಬೋರ್ಡ್ ಜಂಕ್ಷನ್ ವರ್ಷಗಟ್ಟಲೆ ದಟ್ಟಣೆಗೆ ಇನ್ನೊಂದು ಹೆಸರಾಗಿತ್ತು. ಒಂದು ತುಂಡು ಸಲೀಸಾದರೆ ಭಾರ ಮುಂದಿನ ತುಂಡಿಗೆ ಜಾರುತ್ತದೆ. ಸಲೀಸಾದ ರಸ್ತೆ ಹೊಸ ವಾಹನಗಳನ್ನು ಕರೆಯುತ್ತದೆ. ಒಂದು ಮೇಲ್ಸೇತುವೆಯಿಂದ ಹೊಗೆ ತಗ್ಗಿತೋ, ಬರಿದೇ ಸ್ಥಳಾಂತರಗೊಂಡಿತೋ ಎಂಬುದನ್ನು ಜಾಲದ ಲೆಕ್ಕವಷ್ಟೇ ಹೇಳಬಲ್ಲದು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರಿನೊಂದಿಗೆ ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳೂ ಇವೆ. ಮಾಪನ ಕೇಂದ್ರಗಳು ಗಾಳಿ ಎಷ್ಟು ಕೆಟ್ಟಿದೆ ಎಂದು ಹೇಳುತ್ತವೆಯೇ ಹೊರತು ಯಾವ ರಸ್ತೆಯ ಪಾಲೆಷ್ಟು ಎಂದು ಹೇಳಲಾರವು. ಅದಕ್ಕೆ ಬೇಕಾದ ಸಾಮಗ್ರಿಯಲ್ಲಿ ಬಹುಪಾಲು ರಾಜಧಾನಿಯಲ್ಲಿ ಈಗಾಗಲೇ ಇದೆ. ಜಂಕ್ಷನ್‌ಗಳಲ್ಲಿ ಸಂಚಾರ ಪೊಲೀಸರ ಕ್ಯಾಮೆರಾಗಳಿವೆ, ಬಿಎಂಟಿಸಿ ಬಸ್ಸುಗಳಲ್ಲಿ ಜಿಪಿಎಸ್ ಇದೆ, ವಾಹನಗಳ ವಯಸ್ಸು ಮತ್ತು ಇಂಧನದ ವಿವರ ಸಾರಿಗೆ ಇಲಾಖೆಯ ಬಳಿ ಇದೆ. ಇವನ್ನು ಒಂದೆಡೆ ತಂದು ರಸ್ತೆವಾರು ಅಂದಾಜನ್ನು ಪ್ರಕಟಿಸಬೇಕು. ಅಂದಾಜಿನಲ್ಲಿ ತಪ್ಪಿರುತ್ತದೆ. ಎಷ್ಟು ತಪ್ಪಿರಬಹುದೆಂಬುದನ್ನೂ ಜೊತೆಗೇ ಹೇಳಿದರಾಯಿತು. ರಸ್ತೆ ಬದಿಯ ಮಾಪನದೊಂದಿಗೆ ತಾಳೆ ನೋಡಿ ತಿದ್ದುತ್ತ ಹೋಗಬಹುದು. ಗುಟ್ಟಾಗಿಟ್ಟ ಅಂಕಿಗೆ ಆ ತಿದ್ದುಪಡಿಯ ಭಾಗ್ಯವಿಲ್ಲ.

ಸುರಂಗ ರಸ್ತೆಯೇ ಇರಲಿ, ಮೇಲ್ಸೇತುವೆಯೇ ಇರಲಿ, ಬಸ್ ಪಥವೇ ಇರಲಿ, ಅನುಮೋದನೆಗೆ ಮೊದಲು ಈ ಲೆಕ್ಕ ಜನರ ಮುಂದಿರಬೇಕು. ಕಾಂಕ್ರೀಟ್ ಸುರಿದ ನಂತರ ಲೆಕ್ಕ ಹಾಕುವುದೆಂದರೆ ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಕಾರಿನ ಗಾಜು ಏರಿಸಿಕೊಂಡು ಕುಳಿತ ನನ್ನಂಥವರಿಗೆ ಆ ಹೊಗೆ ಕೆಲವು ನಿಮಿಷಗಳ ಕಿರಿಕಿರಿ. ಸಿಗ್ನಲ್ ಬಳಿ ದಿನವಿಡೀ ನಿಲ್ಲುವ ಸಂಚಾರ ಪೇದೆಗೆ, ಪಕ್ಕದಲ್ಲೇ ಹೂ ಕಟ್ಟುವ ಹೆಂಗಸಿಗೆ ಅದೇ ಉಸಿರು. ನಗರದ ಸರಾಸರಿಯಲ್ಲಿ ಅವರು ಕಾಣುವುದೇ ಇಲ್ಲ.