ಬಡಾವಣೆಯ ಗೆರೆ, ಮನಸ್ಸಿನ ಗೆರೆ

1865ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದ ಅಮೆರಿಕದಲ್ಲಿ ವರ್ಣಭೇದ ಸಾಯಲಿಲ್ಲ. ರೈಲಿನಲ್ಲಿ ಕರಿಯರಿಗೂ ಬಿಳಿಯರಿಗೂ ಪ್ರತ್ಯೇಕ ಬೋಗಿಗಳಿರುವುದು ಸಮಾನತೆಗೆ ವಿರುದ್ಧವಲ್ಲವೆಂದು 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ತೀರ್ಪಿತ್ತಿತು.

ಅದೇ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆದದ್ದೇನು? 1898ರ ಪ್ಲೇಗಿಗೆ ಬೆದರಿದ ಪೇಟೆಯ ಜನರು ನೆಲೆಸಿದ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳಲ್ಲಿ ನಿವೇಶನಗಳನ್ನೂ ಜಾತಿವಾರು ವಿಂಗಡಿಸಲಾಗಿತ್ತು. ರೋಗಕ್ಕೆ ಜಾತಿಯಿರಲಿಲ್ಲ, ಅದರಿಂದ ಪಾರಾಗುವ ನೆಲಕ್ಕೆ ಜಾತಿಯಿತ್ತು!

1950ರಲ್ಲಿ ಜಾರಿಗೆ ಬಂದ ಸಂವಿಧಾನವು ಜಾತಿ, ಧರ್ಮಗಳ ಆಧಾರದಲ್ಲಿ ಸರಕಾರವು ತಾರತಮ್ಯ ಮಾಡುವುದನ್ನು ನಿಷೇಧಿಸಿತು. ಆದರೂ ಬಾಡಿಗೆ ಮನೆ ಕೇಳಿ ಬಂದವನ ಹೆಸರು ಮುಸ್ಲಿಮನದ್ದೆಂದು ತಿಳಿದೊಡನೆ ಬಾಗಿಲು ಮುಚ್ಚುವ ಮನೆಗಳು ಈ ನಗರದಲ್ಲಿ ಇಂದಿಗೂ ಇವೆ. ಇದನ್ನು ನಾವು ಗಟ್ಟಿಯಾಗಿ ಪ್ರಶ್ನಿಸಲೇಬೇಕು. ಆ ಪ್ರಶ್ನೆಗೆ ನೈತಿಕ ಬಲ ಬರಬೇಕಾದರೆ, ಪಿಂಜಾರರ ಮನೆಯ ಸಂಬಂಧವೆಂದು ಮೂಗು ಮುರಿಯುವ ಚಾಳಿಯು ಮೊದಲು ನಮ್ಮ ಮನೆಗಳಿಂದಲೇ ತೊಲಗಬೇಕು.