ಓಟು ಕಿವಿಯಿಂದ ಹಾಕೋಣ

ರಿಯಾಲಿಟಿ ಶೋಗಳ ಫಿನಾಲೆ ಬಂತೆಂದರೆ ನಮ್ಮ ತರಗತಿಯ ವಾಟ್ಸಾಪ್ ಗ್ರೂಪ್ ಚುನಾವಣಾ ಕಚೇರಿಯಂತೆ ಆಗುತ್ತದೆ. ಯಾರಿಗೆ ಓಟು ಹಾಕಬೇಕು ಎಂಬ ಮೆಸೇಜುಗಳ ನಡುವೆ ಇನ್ನೊಂದು ಮಾತೂ ಬಂದೇ ಬರುತ್ತದೆ: "ನಮ್ಮವರಿಗೆ ಯಾರು ಓಟು ಹಾಕ್ತಾರ ಬಿಡ್ರಿ." ಈ ಮಾತನ್ನು ಕೊಪ್ಪಳದ ನಮ್ಮ ಓಣಿಯಲ್ಲೂ ಕೇಳಿದ್ದೇನೆ, ಗಂಗಾವತಿಯ ಖಾಲಾ ಮನೆಯಲ್ಲೂ ಕೇಳಿದ್ದೇನೆ. ಇದು ಎಷ್ಟು ನಿಜ? ನಾನು ಕಾಮರ್ಸ್ ವಿದ್ಯಾರ್ಥಿನಿ. ಮೊದಲು ಲೆಕ್ಕ ನೋಡೋಣ.

'ಬಿಗ್ ಬಾಸ್ ಕನ್ನಡ' ಶುರುವಾಗಿದ್ದು 2013ರಲ್ಲಿ. ಮೊದಲ 11 ಸೀಸನ್‌ಗಳಲ್ಲಿ ಗೆದ್ದವರಲ್ಲಿ ಒಬ್ಬರೂ ಮುಸ್ಲಿಮರಿಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದ ಪ್ರತಿ ನೂರು ಜನರಲ್ಲಿ ಸುಮಾರು 13 ಮಂದಿ ಮುಸ್ಲಿಮರು. ಇಷ್ಟನ್ನೇ ನೋಡಿದರೆ ಆ ಮಾತು ಸರಿ ಅನ್ನಿಸುತ್ತದೆ. ಆದರೆ ಖಾತೆಯ ಒಂದೇ ಬದಿ ನೋಡಿ ಲಾಭ-ನಷ್ಟ ಹೇಳಬಾರದು ಎಂದು ನಮಗೆ ಮೊದಲ ಪಾಠದಲ್ಲೇ ಕಲಿಸುತ್ತಾರೆ. ಪ್ರೇಕ್ಷಕರು ಓಟು ಹಾಕುವುದು ಮನೆಯೊಳಗೆ ಹೋದವರಿಗೆ ಮಾತ್ರ. ಒಳಗೆ ಯಾರು ಹೋಗಬೇಕು ಎಂದು ಆರಿಸುವುದು ವಾಹಿನಿ. ಪಟ್ಟಿಯಲ್ಲೇ ನಮ್ಮ ಹೆಸರು ಅಪರೂಪವಾದರೆ ಸೋಲಿಸಿದ್ದು ಪ್ರೇಕ್ಷಕರೇ ಎಂದು ಹೇಗೆ ಹೇಳುವುದು?

ಇನ್ನೊಂದು ಬದಿಯನ್ನೂ ನೋಡಿ. 2018ರ ಡಿಸೆಂಬರ್‌ನಲ್ಲಿ 'ಇಂಡಿಯನ್ ಐಡಲ್' 10ನೇ ಸೀಸನ್ ಗೆದ್ದವರು ಹರಿಯಾಣದ ಮೇವಾತ್ ಭಾಗದ ಸಲ್ಮಾನ್ ಅಲಿ. 2024ರ ಜನವರಿಯಲ್ಲಿ ಹಿಂದಿ ಬಿಗ್ ಬಾಸ್‌ನ 17ನೇ ಸೀಸನ್ ಗೆದ್ದವರು ಮುನಾವರ್ ಫಾರೂಕಿ. ಬರೀ ಮುಸ್ಲಿಮರ ಓಟಿನಿಂದಲೇ ಇವರು ಗೆದ್ದರು ಎಂದರೆ ನಾನು ನಂಬುವುದಿಲ್ಲ.

ನಮ್ಮ ಉತ್ತರ ಕರ್ನಾಟಕದ ಹನುಮಂತ ಅವರನ್ನೇ ತೆಗೆದುಕೊಳ್ಳಿ. ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿಯವರು, ಲಂಬಾಣಿ ಸಮುದಾಯದವರು, ಕುರಿ ಕಾಯುತ್ತಿದ್ದವರು. 'ಸರಿಗಮಪ'ದಲ್ಲಿ ರನ್ನರ್ ಅಪ್ ಆದರು, 2025ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡವನ್ನೇ ಗೆದ್ದರು. ಅವರಿಗೆ ಬಿದ್ದ ಓಟು 5 ಕೋಟಿ 23 ಲಕ್ಷಕ್ಕೂ ಹೆಚ್ಚು. 2011ರಲ್ಲಿ ಇಡೀ ರಾಜ್ಯದ ಜನಸಂಖ್ಯೆಯೇ 6.11 ಕೋಟಿ! ಅಂದರೆ ಇದು ತಲೆ ಎಣಿಕೆಯಲ್ಲ. ಮೆಚ್ಚಿದವರು ಮತ್ತೆ ಮತ್ತೆ ಓಟು ಒತ್ತಿದ್ದಾರೆ. ಉರ್ದು ಮಾತಾಡುವ ನಮ್ಮ ಮನೆಯಲ್ಲೂ ಒತ್ತಿದ್ದೇವೆ. ಟಿವಿಯ ಬೇರೆ ಕನ್ನಡಕ್ಕಿಂತ ಹನುಮಂತ ಅವರ ಕನ್ನಡ ನಮ್ಮ ದಾದಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಹಾಗಾದರೆ ಪೂರ್ವಗ್ರಹವೇ ಇಲ್ಲವೇ? ಇದೆ. ಅದು ಓಟಿನ ಗುಂಡಿಗಿಂತ ಮೊದಲೇ ಕೂತಿರುತ್ತದೆ. 2017ರ ಮಾರ್ಚ್‌ನಲ್ಲಿ ಸಾಗರದ ಸುಹಾನಾ ಸೈಯದ್ 'ಸರಿಗಮಪ' ವೇದಿಕೆಯಲ್ಲಿ ಹಿಜಾಬ್ ಧರಿಸಿ 'ಗಜ' ಚಿತ್ರದ ಭಕ್ತಿಗೀತೆ ಹಾಡಿದರು. ನಮ್ಮ ಸಮುದಾಯದ ಹೆಸರಿನ ಫೇಸ್‌ಬುಕ್ ಪುಟವೊಂದರಲ್ಲೇ ಅವರನ್ನು ನಿಂದಿಸಲಾಯಿತು. ಇನ್ನೊಂದು ಕಡೆ ಅನೇಕರು ಅವರನ್ನು ಸೌಹಾರ್ದದ ಸಂಕೇತ ಎಂದು ಹೊಗಳಿದರು. ಬೈದವರು ನೋಡಿದ್ದು ಅವರ ಧರ್ಮ, ಹೊಗಳಿದವರು ನೋಡಿದ್ದೂ ಧರ್ಮ. ಶ್ರುತಿ, ತಾಳದ ಮಾತು ಎಲ್ಲಿ ಹೋಯಿತು? ಅದೇ ಹಾಡನ್ನು ಬೇರೆ ಹುಡುಗಿ ಹಾಡಿದ್ದರೆ ಅದು ಬರೀ ಹಾಡಾಗಿರುತ್ತಿತ್ತು.

ಇಂಥದ್ದು ಟಿವಿಯಲ್ಲಿ ಮಾತ್ರ ನಡೆಯುವುದಿಲ್ಲ. ಕಳೆದ ವರ್ಷ ಒಂದು ಸ್ಪರ್ಧೆಯಲ್ಲಿ ನನ್ನ ಗೆಳತಿ ಭಾವಗೀತೆ ಹಾಡಿದಳು. "ಸಾಬರ ಹುಡುಗಿ ಆಗಿ ಎಷ್ಟು ಚಂದ ಕನ್ನಡ ಹಾಡ್ತಾಳ ನೋಡ್ರಿ" ಎಂದು ಅಲ್ಲಿದ್ದ ಹಿರಿಯರೊಬ್ಬರು ಮೆಚ್ಚಿದರು. ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಒಂದನೇ ತರಗತಿಯಿಂದ ಕನ್ನಡ ಓದಿದವಳಿಗೆ ಅದು ಹೊಗಳಿಕೆಯಾಗಿ ಕೇಳಲಿಲ್ಲ. ಮನೆಗೆ ಬಂದರೆ ಅಲ್ಲಿ ಬೇರೆ ಪ್ರಶ್ನೆ: "ಇದೆಲ್ಲ ನಮಗ್ಯಾಕ?" ಈ ವರ್ಷ ಅವಳು ಹೆಸರು ಕೊಟ್ಟಿಲ್ಲ. ಯಾರೂ ಓಟು ಹಾಕದೆ ಅವಳು ಸೋಲಲಿಲ್ಲ, ಓಟಿಗೇ ನಿಲ್ಲಲಿಲ್ಲ.

"ಹಾಗಾದರೆ ನಮ್ಮವರಿಗೆ ನಾವೇ ಒಟ್ಟಾಗಿ ಓಟು ಹಾಕೋಣ" ಎನ್ನುವವರಿದ್ದಾರೆ. 2007ರಲ್ಲಿ ಡಾರ್ಜಿಲಿಂಗ್‌ನ ಪ್ರಶಾಂತ್ ತಮಾಂಗ್ ಇಂಡಿಯನ್ ಐಡಲ್ ಗೆದ್ದಾಗ ಅಲ್ಲಿನ ಗೂರ್ಖಾ ಜನ ಊರಿಗೆ ಊರೇ ನಿಂತು ಓಟು ಹಾಕಿದ್ದರು. ಟಿವಿಯಲ್ಲಿ ತಮ್ಮ ಮುಖವನ್ನೇ ಕಾಣದವರ ಆ ಸಂಭ್ರಮ ನನಗೆ ಅರ್ಥವಾಗುತ್ತದೆ. ಆದರೆ ಆಮೇಲೆ ರೇಡಿಯೋ ನಿರೂಪಕರೊಬ್ಬರ ಹೀಯಾಳಿಕೆಯ ಮಾತಿನಿಂದ ಸಿಲಿಗುರಿಯಲ್ಲಿ ಗಲಭೆಯಾಗಿ ಕರ್ಫ್ಯೂ ಹಾಕಬೇಕಾಯಿತು. ಇನ್ನು ಲೆಕ್ಕಕ್ಕೆ ಬಂದರೆ, ಎಲ್ಲರೂ ತಮ್ಮವರಿಗೇ ಓಟು ಹಾಕುವುದಾದರೆ 87ರ ಮುಂದೆ 13 ಯಾವತ್ತೂ ಗೆಲ್ಲುವುದಿಲ್ಲ. ಜಾತಿ-ಧರ್ಮ ನೋಡಿ ಓಟು ಹಾಕುವ ಪದ್ಧತಿಯಿಂದ ಎಲ್ಲರಿಗಿಂತ ಹೆಚ್ಚು ನಷ್ಟ ಸಣ್ಣ ಗುಂಪಿಗೇ.

ವಾಹಿನಿಗಳನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕಾಲೇಜು ನಮ್ಮ ಕೈಯಲ್ಲಿದೆ. ವಾರ್ಷಿಕೋತ್ಸವದ ಗಾಯನ ಸ್ಪರ್ಧೆಯಲ್ಲಿ ನಾವೂ ಚೀಟಿ ಹಾಕಿ ಮೆಚ್ಚಿನ ಗಾಯಕರನ್ನು ಆರಿಸುತ್ತೇವೆ. ಅಲ್ಲಿಯೂ ಕುಷ್ಟಗಿಯವರು ಕುಷ್ಟಗಿಯವರಿಗೆ, ಯಲಬುರ್ಗಾ ಬಸ್ಸಿನವರು ಯಲಬುರ್ಗಾದವರಿಗೆ, ಸೈನ್ಸ್‌ನವರು ಸೈನ್ಸ್‌ನವರಿಗೆ ಹಾಕುವುದನ್ನು ಎಲ್ಲರೂ ಬಲ್ಲೆವು. ಸಾಂಸ್ಕೃತಿಕ ಸಮಿತಿಗೆ ನನ್ನ ಮನವಿ ಇಷ್ಟೇ: ಈ ಸಲ ಗಾಯಕರು ಪರದೆಯ ಹಿಂದೆ ಹಾಡಲಿ. ಚೀಟಿಯಲ್ಲಿ ಹೆಸರು ಬೇಡ, ಒಂದು ನಂಬರ್ ಸಾಕು. ಎಣಿಕೆ ಮುಗಿದ ಮೇಲೆ ಪರದೆ ಸರಿಸಿ, ಹಾಡಿದವರ ಪೂರ್ತಿ ಹೆಸರನ್ನು ಮೈಕಿನಲ್ಲಿ ಗಟ್ಟಿಯಾಗಿ ಕೂಗಿ. ಯಾರೂ ತಮ್ಮ ಹೆಸರು, ಹಿಜಾಬು, ಊರು ಮುಚ್ಚಿಡಬೇಕಾಗಿಲ್ಲ. ಅವುಗಳಿಗಿಂತ ಮೊದಲು ಹಾಡು ಕೇಳಿಸಬೇಕು, ಅಷ್ಟೇ.

ಇದನ್ನು ಗೆಳತಿಗೂ ಹೇಳಿದೆ. "ಪರದೆ ಖಾತ್ರಿ ಇರ್ತದ ಅಂದ್ರ ಹೆಸರು ಕೊಡ್ತೀನಿ" ಅಂದಿದ್ದಾಳೆ. ಸಮಿತಿಯ ಉತ್ತರಕ್ಕೆ ನಾವಿಬ್ಬರೂ ಕಾಯುತ್ತಿದ್ದೇವೆ.